ಅರಿಶಿನ ತೊಳೆಸಿದವಳ ಹಿಂದೋಲೆ

ಸದ್ದಡಗಿದ ಎಪ್ಪತ್ತೊಂದನೆಯ ವರ್ಷ, ಕಾರಹುಣ್ಣಿಮೆ ಕಳೆದ ನಾಲ್ಕನೆಯ ದಿನ. ನಿಮ್ಮ ಎಣಿಕೆಯಲ್ಲಿ ಇಸವಿ 2231.

ಮೊದಲು ಅರಿಶಿನ ಹಚ್ಚಿದ ತಾಯಿಗೆ, ಇಂದುಮತಿ ಬಡಿಗೇರ ಮಾಡುವ ನಮಸ್ಕಾರಗಳು.

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸೀತು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಬರಹವನ್ನು ಶಾಲೆಯಲ್ಲಿ ಎರಡು ವರ್ಷ ಕಲಿತಿದ್ದೇನೆ. ಆದರೆ ಹಾಗೆ ಕಲಿತ ಭಾಷೆ ಹೊಸ ಚಪ್ಪಲಿಯ ಹಾಗೆ, ನಾಲ್ಕು ಹೆಜ್ಜೆಗೊಮ್ಮೆ ಕಚ್ಚುತ್ತದೆ. ನಿಮಗೆ ಗೊತ್ತಿರದ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಮೊದಲನೆಯದು ಈ ಓಲೆಯ ಹೆಸರೇ. ಇದು ಹಿಂದೋಲೆ, ಹಿಂದಿನವರಿಗೆ ಬರೆಯುವ ಓಲೆ. ನನ್ನ ಕಸುಬಿನಲ್ಲಿ ಯಾರು ಮಾಡಿಟ್ಟ ಎಚ್ಚರಿಕೆಯ ಗುರುತನ್ನು ನಂಬಿ ಒಬ್ಬ ಮನುಷ್ಯನಿಗೆ ಪೆಟ್ಟಾಗುತ್ತದೋ ಅವರು ಹಿಂದೋಲೆ ಬರೆದು, ಕೆಲಸದವರೆಲ್ಲರ ಎದುರು ನಿಂತು ಓದಬೇಕು. ಬದುಕಿರುವವರಿಗೆ ಬರೆಯುವಂತಿಲ್ಲ. ಬದುಕಿರುವವರು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ಆದದ್ದಾಯಿತು ಬಿಡಿ ಎಂದುಬಿಡುತ್ತಾರೆ. ಸತ್ತವರಿಗೆ ಆ ತೊಂದರೆ ಇಲ್ಲ. ಈ ಸಾಲು ನಿಮ್ಮ ಕೈಗೆ ಬರುವಾಗ ನೀವು ಬದುಕಿಯೇ ಇದ್ದೀರಿ, ಊಟದ ಡಬ್ಬಿ ತೊಳೆದಿಟ್ಟು ಗೋಡೆಗೆ ಒರಗಿ ಕೂತಿದ್ದೀರಿ. ನಮ್ಮ ಲೆಕ್ಕಕ್ಕೆ ಮಾತ್ರ ನೀವು ಹೋಗಿ ನೂರೈವತ್ತು ವರ್ಷದ ಮೇಲಾಯಿತು, ಬೇಸರ ಮಾಡಿಕೊಳ್ಳಬೇಡಿ. ಪೆಟ್ಟಾದ ತಿಂಗಳೊಳಗೆ ಬರೆಯಬೇಕಾದ ಓಲೆ ಇದು. ನಾನು ಹನ್ನೊಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಈ ಓಲೆಯಲ್ಲಿ ನಾಚಿಕೆ ಬಿಟ್ಟರೆ ಬೇರೇನೂ ಇಲ್ಲ.

ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ನಮ್ಮಲ್ಲಿ ಹೆಂಗಸರು ನಿಮ್ಮನ್ನು ಮೊದಲಿನಾಕಿ ಎಂದಷ್ಟೇ ಕರೆಯುತ್ತಾರೆ. ಅವರು ಹೇಳುವ ಪ್ರಕಾರ ನೀವು ಇದೇ ಕೊಪ್ಪಳ ಸೀಮೆಯಲ್ಲಿ, ಬಿಸಿ ಕಾಸ್ಟಿಕ್ ನೀರು ಹರಿಯುವ ಯಾವುದೋ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದಿರಿ. ಆಯುಧಪೂಜೆಯ ದಿನ ಎಲ್ಲರೂ ಯಂತ್ರಗಳಿಗೆ ಅರಿಶಿನ ಕುಂಕುಮ ಹಚ್ಚಿದರೆ ನೀವು ಪೈಪುಗಳ ಕೀಲುಗಳಿಗೂ ಅರಿಶಿನ ಮೆತ್ತಿದಿರಿ, ಅವೂ ದುಡಿಯುತ್ತವಲ್ಲ ಎಂದು. ಮರುದಿನ ಒಂದು ಕೀಲಿನಲ್ಲಿ ಅರಿಶಿನ ರಕ್ತದಂತೆ ಕೆಂಪಾಗಿತ್ತು. ಹೆದರಿ ನೀವು ಯಾರನ್ನೂ ಅದರ ಬಳಿ ಬಿಡಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಅದೇ ಕೀಲು ಒಡೆದು ಚಿಮ್ಮಿತು, ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ನೀವು ದಿನಾ ಹಚ್ಚಿದಿರಿ, ಇನ್ನೊಬ್ಬಳಿಗೆ ಕಲಿಸಿದಿರಿ, ಅವಳು ಮತ್ತೊಬ್ಬಳಿಗೆ. ಕಾರ್ಖಾನೆಗಳು ಮುಚ್ಚಿದವು, ಬೇರೆ ಹೆಸರಿನಲ್ಲಿ ತೆರೆದವು, ಅರಿಶಿನ ಮಾತ್ರ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಬಂತು. ಅದನ್ನು ನಿಲ್ಲಿಸಿದವಳು ನಾನು.

ನಾವು ಬದುಕುವ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಿಮ್ಮ ಕಾಲದ ಬಿಸಿಲು ನಮಗೆ ಚಳಿಗಾಲದ ಬಿಸಿಲು. ಆದ್ದರಿಂದ ನಾವು ಬೆಳ್ಳಿ ಮೂಡುವ ಮೊದಲೇ ಎದ್ದು ರೊಟ್ಟಿ ಬಡಿದು, ಬೆಳಕು ಹರಿಯುವಾಗ ಕೆಲಸಕ್ಕೆ ಕೂಡುತ್ತೇವೆ. ಹತ್ತು ಗಂಟೆಗೆ ಎಲ್ಲ ನಿಲ್ಲುತ್ತದೆ. ಹತ್ತರಿಂದ ಐದರವರೆಗೆ ನೆಲಮಾಳಿಗೆಯಲ್ಲಿ ಮಲಗುವುದಕ್ಕೆ ತಣ್ಣಿದ್ದೆ ಎನ್ನುತ್ತೇವೆ. ಊರಿಗೆ ಊರೇ ಹಾಗೆ ಮಲಗುತ್ತದೆ. ಸಂಜೆ ಮತ್ತೆ ಮೂರು ತಾಸು ಕೆಲಸ. ಜೋಳ, ಸಜ್ಜೆ, ಪುಂಡಿಪಲ್ಲೆ, ಹಿಂಡಿ ಖಾರ, ಇವು ನಿಮಗೂ ಗೊತ್ತಿರುವವೇ. ಅನ್ನ ಹಬ್ಬಕ್ಕೆ ಮಾತ್ರ. ತುಂಗಭದ್ರೆಯಲ್ಲಿ ನೀರಿರುವ ತಿಂಗಳು ದೋಣಿಯಲ್ಲಿ ಓಡಾಡುತ್ತೇವೆ, ಇಲ್ಲದ ತಿಂಗಳು ಅದೇ ಪಾತ್ರದಲ್ಲಿ ನಡೆದು ಹೋಗುತ್ತೇವೆ. ಹೊಸ ಲೋಹವನ್ನು ಯಾರೂ ನೆಲದಿಂದ ತೆಗೆಯುವುದಿಲ್ಲ, ತೆಗೆಯಲು ಹೆಚ್ಚೇನೂ ಉಳಿದಿಲ್ಲ. ನೀವು ಬಿಟ್ಟುಹೋದ ಸಾಮಾನನ್ನೇ ಬಿಚ್ಚಿ ಬಳಸುತ್ತೇವೆ. ನಿಮ್ಮ ಮನೆಗಳ ಮೇಲಿದ್ದ ಬಿಸಿಲ ಹಲಗೆಗಳು, ನೀವು ಸೋಲಾರ್ ಅನ್ನುತ್ತಿದ್ದಿರಲ್ಲ, ಅವು ನಮ್ಮ ಸೀಮೆಯಲ್ಲಿ ಗುಡ್ಡಗುಡ್ಡವಾಗಿ ಬಿದ್ದಿವೆ. ಅವುಗಳ ಚೌಕಟ್ಟನ್ನು ಕುದಿಯುವ ಕ್ಷಾರದಲ್ಲಿ ಕರಗಿಸಿ ಲೋಹ ತೆಗೆಯುವ ಜಾಗವೇ ಕರಗುಮನೆ. ಕ್ಷಾರ ಎಂದರೆ ನಿಮ್ಮ ಕಾಸ್ಟಿಕ್ಕೇ. ಅದರ ಗುಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಚರ್ಮಕ್ಕೆ ತಾಗಿದರೆ ಮೊದಲು ಸಾಬೂನಿನಂತೆ ಜಾರುತ್ತದೆ, ಉರಿ ಆಮೇಲೆ. ಕಣ್ಣಿಗೆ ತಾಗಿದರೆ ಆಮೇಲೆ ಎನ್ನುವುದೇ ಇಲ್ಲ.

ಈಗ ಸದ್ದಡಗಿದ ವರ್ಷದ ಮಾತು. ನನ್ನ ಮುತ್ತಜ್ಜಿಯ ಕಾಲಕ್ಕೆ ಯಂತ್ರಗಳೆಲ್ಲ ಕಿರುಚಲು ಕಲಿತಿದ್ದವಂತೆ. ಬಾಗಿಲು ಕಿರುಚುತ್ತಿತ್ತು, ಒಲೆ ಕಿರುಚುತ್ತಿತ್ತು, ತಲೆಗೆ ಹಾಕುವ ಟೋಪಿ ಕಿರುಚುತ್ತಿತ್ತು. ಒಂದು ಕಾರ್ಖಾನೆಯಲ್ಲಿ ಒಮ್ಮೆಲೇ ನಲವತ್ತು ಎಚ್ಚರಿಕೆಯ ಗಂಟೆಗಳು ಮೊಳಗಿ, ಯಾವುದು ಯಾಕೆ ಮೊಳಗುತ್ತಿದೆ ಎಂದು ಯಾರಿಗೂ ತಿಳಿಯದೆ ಬಹಳ ಜನ ಸತ್ತರು. ಆಮೇಲೆ ಕಾಯಿದೆಯಾಯಿತು, ಅಂದಿನಿಂದಲೇ ನಮ್ಮ ವರ್ಷಗಳ ಎಣಿಕೆ. ಕೆಲಸದ ಜಾಗದಲ್ಲಿ ಎಚ್ಚರಿಕೆ ಕಣ್ಣಿಗೆ ಕಾಣಬೇಕೇ ಹೊರತು ಕಿವಿಗೆ ಕೇಳಬಾರದು. ಅಲ್ಲಿಂದ ಹುಟ್ಟಿದ್ದು ನನ್ನ ಕಸುಬು. ನಾನು ಎಚ್ಚರಗಾತಿ. ಬಣ್ಣ, ಬೆಳಕು, ಚಿತ್ರ, ಫಲಕ ಇವುಗಳಿಂದ ಇಲ್ಲಿ ಅಪಾಯವಿದೆ, ಇಲ್ಲಿ ಇಲ್ಲ ಎಂದು ಹೇಳುವವಳು. ಹೊಸ ಫಲಕವನ್ನು ಜನ ಹನ್ನೆರಡು ದಿನ ನೋಡುತ್ತಾರೆ, ಹದಿಮೂರನೆಯ ದಿನ ಅದು ಗೋಡೆಯೇ ಆಗಿಬಿಡುತ್ತದೆ ಎಂದು ನಮಗೆ ಕಲಿಸುತ್ತಾರೆ. ಕೆಂಪು ಹಸಿರಿನ ಭೇದ ಕಾಣದವರಿಗಾಗಿ ಕೆಂಪನ್ನು ಯಾವಾಗಲೂ ಮೂಲೆಗಳುಳ್ಳ ಆಕಾರದಲ್ಲಿ, ಹಸಿರನ್ನು ದುಂಡಗೆ ಇಡಬೇಕು ಎಂದು ಕಲಿಸುತ್ತಾರೆ. ನಿಮ್ಮ ಕಾಲದ ಫಲಕಗಳನ್ನೂ ನಾವು ಓದಿದ್ದೇವೆ. ಒದ್ದೆ ನೆಲದ ಮೇಲೆ ಕೈಕಾಲು ಚೆಲ್ಲಿ ಜಾರುವ ಆ ಹಳದಿ ಫಲಕದ ಮನುಷ್ಯನನ್ನು ಇಂದಿಗೂ ಹಾಗೇ ಬಳಸುತ್ತೇವೆ. ಇನ್ನೂರು ವರ್ಷದಿಂದ ಜಾರುತ್ತಲೇ ಇದ್ದಾನೆ ಪುಣ್ಯಾತ್ಮ, ಇನ್ನೂ ಬಿದ್ದಿಲ್ಲ. ತರಗತಿಯಲ್ಲಿ ನಾನೇ ಮೊದಲಿಗಳು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಆಗ ಹೆಮ್ಮೆಗೇ ಹೇಳಿಕೊಳ್ಳುತ್ತಿದ್ದೆ.

ಮೂರು ವರ್ಷದ ಹಿಂದೆ ನನ್ನನ್ನು ಈ ಕರಗುಮನೆಗೆ ಕಳಿಸಿದರು. ಇಲ್ಲಿನ ಹಿರಿಯರು ರಾಚಪ್ಪ ಮೇಸ್ತ್ರಿ, ಮಾತು ಕಡಿಮೆ, ಕೆಲಸ ಗೊತ್ತಿರುವ ಮನುಷ್ಯ. ಮೊದಲ ದಿನ ಅವರೇ ನನ್ನನ್ನು ಪೈಪುಗಳ ಅಂಗಳಕ್ಕೆ ಕರೆದುಕೊಂಡು ಹೋದರು. ಇನ್ನೂರ ಹದಿನಾರು ಕೀಲುಗಳು, ಇನ್ನೂರ ಹದಿನಾರಕ್ಕೂ ಅರಿಶಿನದ ಮೆತ್ತೆ. ಒಬ್ಬ ಹೆಂಗಸು ಕೈಯಲ್ಲಿ ಹಿತ್ತಾಳೆ ಬಟ್ಟಲು ಹಿಡಿದು, ಒಣಗಿದ್ದನ್ನು ಕೆರೆದು ಹೊಸದನ್ನು ಹಚ್ಚುತ್ತ ಬರುತ್ತಿದ್ದಳು. ಅವಳೇ ಫಕೀರವ್ವ. ಆಗ ಐವತ್ತರ ಸುಮಾರು, ಗಟ್ಟಿ ಮೈ, ಎರಡು ಊರಿಗೆ ಕೇಳುವಂಥ ನಗು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಬಣ್ಣದ ನಿಯಮದಲ್ಲಿ ಪೈಪಿನ ಮೇಲೆ ಹಳದಿ ಎಂದರೆ ಒಳಗೆ ಆವಿ ಇದೆ ಎಂದರ್ಥ. ಇಲ್ಲಿ ಕ್ಷಾರದ ಪೈಪೆಲ್ಲ ಹಳದಿ, ಅಲ್ಲೊಂದು ಇಲ್ಲೊಂದು ಹಳೆಯ ಕಂದುಕೆಂಪು ಕಲೆ. ಹೊಸಬನೊಬ್ಬ ಬಂದರೆ ಏನೆಂದು ಓದಬೇಕು? ನಾನು ಬರೆಯುವ ಹಾಳೆಯ ಮೇಲೆ ಯಾರೋ ಸಾರು ಚೆಲ್ಲಿದಂತೆ ಅನ್ನಿಸಿತು. ನ್ಯಾಯವಾಗಿ ಹೇಳಬೇಕೆಂದರೆ ನನ್ನ ವಾದದಲ್ಲಿ ಹುರುಳಿತ್ತು. ಹುರುಳಿದ್ದುದರಿಂದಲೇ ನಾನು ಮುಂದೆ ಯೋಚಿಸಲಿಲ್ಲ.

ಫಕೀರವ್ವನನ್ನು ಕರೆದು ಇದೇನು ಎಂದು ಕೇಳಿದೆ. ಕೇಳಿದ ಧ್ವನಿ ಚೆನ್ನಾಗಿರಲಿಲ್ಲ. ಆಕೆ ಬಟ್ಟಲನ್ನು ಸೆರಗಿನ ಮರೆಗೆ ಮಾಡಿಕೊಂಡಳು. ಅವಳು ಹೇಳಿದ್ದು ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

"ಇದು ಕೆಂಪಾದ್ರ ಆ ಕೀಲಿನ ಸನೇಕ ಯಾರೂ ಹೋಗಂಗಿಲ್ಲರಿ ಅಕ್ಕಾರ. ಯಾಕಂದ್ರ ನನಗೂ ಗೊತ್ತಿಲ್ಲ. ಪೈಪಿಗೆ ಸಿಟ್ಟು ಬಂದೈತಿ ಅಂತ ನಮ್ಮವ್ವ ಹೇಳ್ತಿದ್ಲು."

ನಾನು ನಕ್ಕೆ. ಮೇಸ್ತ್ರಿಯ ಮುಂದೆ, ಉಳಿದ ಹೆಂಗಸರ ಮುಂದೆ ನಕ್ಕೆ. ಆಕೆಯೂ ನನ್ನ ಜೊತೆ ಸ್ವಲ್ಪ ನಕ್ಕಳು, ದೊಡ್ಡವರು ನಕ್ಕಾಗ ನಗಬೇಕು ಎನ್ನುವ ಹಾಗೆ. ಅದೇ ವಾರ ನಾನು ರಾಜಧಾನಿಗೆ ವರದಿ ಕಳಿಸಿದೆ. ಕೀಲುಗಳ ಮೇಲಿನ ಅರಿಶಿನ ಕೊಳಕು, ಮೂಢನಂಬಿಕೆ, ಬಣ್ಣದ ನಿಯಮಕ್ಕೆ ಅಡ್ಡಿ, ತೊಳೆಸಬೇಕು ಎಂದು ಬರೆದೆ. ಅದರ ಜಾಗಕ್ಕೆ ನಾನೇ ರೂಪಿಸಿದ ಕೀಲುದೀಪಗಳನ್ನು ಕೂರಿಸಬೇಕು ಎಂದೂ ಬರೆದೆ. ಕೀಲುದೀಪ ಎಂದರೆ ಪ್ರತಿ ಕೀಲಿನ ಮೇಲೆ ಒಂದು ಪುಟ್ಟ ಗಾಜಿನ ದೀಪ. ಪೈಪಿನ ಒಳಗಿನ ಒತ್ತಡ ಸರಿಯಿದ್ದರೆ ದುಂಡನೆಯ ಹಸಿರು, ಒತ್ತಡ ಬಿದ್ದರೆ ಮೂರು ಮೂಲೆಯ ಕೆಂಪು. ಚಂದದ ದೀಪ. ಈಗಲೂ ನೋಡಿದರೆ ಚಂದವೇ ಎನ್ನಿಸುತ್ತದೆ, ಅದೊಂದು ಸಂಕಟ.

ಇಲ್ಲಿಯವರೆಗೆ ನನ್ನದು ದಡ್ಡತನ. ಇಷ್ಟೇ ಆಗಿದ್ದರೆ ನಿಮ್ಮೆದುರು ಇಷ್ಟು ತಲೆ ತಗ್ಗಿಸಬೇಕಿರಲಿಲ್ಲ. ವರದಿ ಕಳಿಸಿದ ನಾಲ್ಕು ದಿನಕ್ಕೆ ಪಕ್ಕದ ಮನೆಯ ಹುಡುಗಿ ಹೆರಿಗೆ ಮುಗಿಸಿ ಕೂಸಿನೊಂದಿಗೆ ಬಂದಳು. ಹೊಸ್ತಿಲಲ್ಲಿ ಆರತಿ ಎತ್ತಲು ಓಕುಳಿ ಕಲಸು ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ತಟ್ಟೆಯಲ್ಲಿ ಅರಿಶಿನದ ನೀರು. ಅದಕ್ಕೆ ಒಂದು ಚಿಟಿಕೆ ಸುಣ್ಣ ಹಾಕಿ ಬೆರಳಾಡಿಸಿದೆ, ನೀರು ಕೆಂಪಾಯಿತು. ಚಿಕ್ಕಂದಿನಿಂದ ನೂರು ಸಲ ನೋಡಿದ್ದು. ನೂರಾ ಒಂದನೆಯ ಸಲ ಕೈ ಅಲ್ಲೇ ನಿಂತಿತು. ಸುಣ್ಣವೂ ಕ್ಷಾರದ ಜಾತಿಯದೇ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಕೀಲು ಒಡೆಯುವ ಮೊದಲು ಒಂದು ಹನಿ, ಕಣ್ಣಿಗೆ ಕಾಣದ ಒಂದು ಹನಿ ಹೊರಗೆ ಬೆವರುತ್ತದೆ. ಆ ಹನಿಯನ್ನು ಅರಿಶಿನ ತೋರಿಸುತ್ತದೆ. ಒತ್ತಡ ಅಷ್ಟಕ್ಕೆಲ್ಲ ಬೀಳುವುದಿಲ್ಲ, ನನ್ನ ದೀಪ ಅದನ್ನು ತೋರಿಸುವುದಿಲ್ಲ. ನಿಂತ ನಿಲುವಿನಲ್ಲೇ ಇದೆಲ್ಲ ತಿಳಿಯಿತು. ಕೂಸಿಗೆ ಆರತಿ ಎತ್ತಿದರು, ಹಾಡಿದರು, ನನಗೆ ಉಂಡೆ ಕೊಟ್ಟರು. ನಾನು ಉಂಡೆ ತಿಂದು ಮನೆಗೆ ಬಂದೆ.

ಮರುದಿನವೇ ಇನ್ನೊಂದು ವರದಿ ಬರೆಯಬಹುದಿತ್ತು. ಅದರಲ್ಲಿ ಬರೆಯಬೇಕಾಗಿದ್ದುದು ಇಷ್ಟೇ: ನಾನು ನಕ್ಕದ್ದು ತಪ್ಪು, ಬಟ್ಟಲು ಹಿಡಿದ ಹೆಂಗಸು ಹೇಳಿದ್ದು ಸರಿ. ನನಗೆ ಅದು ಆಗಲಿಲ್ಲ. ತಪಾಸಣೆಯವರು ಗುರುವಾರ ಬರುವವರಿದ್ದರು, ನನ್ನ ದೀಪಕ್ಕೆ ಮನ್ನಣೆ ಕೊಡುವ ಮಾತಿತ್ತು. ಎಲ್ಲ ಆದಮೇಲೆ ಹೇಳಿದರಾಯಿತು, ದೀಪವೂ ಇರಲಿ ಅರಿಶಿನವೂ ಇರಲಿ ಎಂದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಬುಧವಾರ ಬೆಳಿಗ್ಗೆ ಫಕೀರವ್ವ ಮತ್ತು ಇನ್ನು ಆರು ಹೆಂಗಸರು ಬಕೆಟ್ಟು ಹಿಡಿದು ಇನ್ನೂರ ಹದಿನಾರು ಕೀಲುಗಳನ್ನೂ ತಿಕ್ಕಿ ತೊಳೆದರು. ನಾನು ಎದುರು ನಿಂತಿದ್ದೆ. ಒಂದು ಕೀಲಿನ ಹತ್ತಿರ ಆಕೆ ಸ್ವಲ್ಪ ತಡೆದು ನನ್ನ ಮುಖ ನೋಡಿದಳು. ಮುಂದೆ ತೊಳಿ ಎಂದು ಕೈಸನ್ನೆ ಮಾಡಿದೆ. ದೀಪಕ್ಕೆ ಮನ್ನಣೆ ಸಿಕ್ಕಿತು. ಆಮೇಲೆ ಹೇಳಬೇಕಾದದ್ದನ್ನು ಹೇಳಲು ಯಾವ ದಿನವೂ ಸರಿಯಾದ ದಿನ ಅನ್ನಿಸಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು.

ದೀಪ ಕಾಣಬೇಕಾದರೆ ಗಾಜು ಚೊಕ್ಕಟವಿರಬೇಕು. ದಿನಾ ಬೆಳಿಗ್ಗೆ ಗಾಜು ಒರೆಸುವ ಕೆಲಸವನ್ನು ಫಕೀರವ್ವನಿಗೇ ಕೊಟ್ಟಿದ್ದೆ, ಅರಿಶಿನದ ಕೆಲಸ ಹೋಯಿತಲ್ಲ ಎಂದು. ಪೈಪಿನ ಅಂಗಳದಲ್ಲಿ ಎಲ್ಲರೂ ಮುಖಕ್ಕೆ ಕವಚ ಹಾಕುತ್ತಾರೆ. ಆದರೆ ಕವಚಕ್ಕೆ ಆವಿ ಕಟ್ಟಿ ಹತ್ತಿರದ್ದು ಕಾಣುವುದಿಲ್ಲ, ಗಾಜು ಒರೆಸಲು ಆಗುವುದಿಲ್ಲ. ಅದಕ್ಕೂ ನಾನೊಂದು ಫಲಕ ಮಾಡಿದೆ. ಅಕ್ಷರವೇ ಇಲ್ಲ. ಒಂದು ದುಂಡನೆಯ ಹಸಿರು, ಅದರ ಕೆಳಗೆ ಕವಚ ಮೇಲೆತ್ತಿಕೊಂಡ ಒಂದು ಮುಖ. ದೀಪ ಹಸಿರಿದ್ದರೆ ಕವಚ ಎತ್ತಬಹುದು ಎಂದರ್ಥ. ಓದಲು ಬಾರದವರಿಗೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಅಷ್ಟು ಒಳ್ಳೆಯ ಫಲಕವನ್ನು ನಾನು ಮತ್ತೆಂದೂ ಮಾಡಿಲ್ಲ.

ಹೋದ ವರ್ಷ ಆಷಾಢದ ಒಂದು ಸೋಮವಾರ ಬೆಳಿಗ್ಗೆ, ಎಪ್ಪತ್ತೆರಡನೆಯ ಕೀಲಿನ ಬಳಿ, ಫಕೀರವ್ವ ದೀಪ ನೋಡಿದಳು, ಹಸಿರಿತ್ತು. ಕವಚ ಎತ್ತಿದಳು. ಒದ್ದೆ ಬಟ್ಟೆಯಿಂದ ಗಾಜು ಒರೆಸಿದಳು. ಕೀಲು ಬಹುಶಃ ಎರಡು ದಿನದಿಂದ ಬೆವರುತ್ತಿತ್ತು. ಅದು ಅಲ್ಲೇ ಬಿರಿದು, ಕುದಿಯುವ ಕ್ಷಾರ ಆಕೆಯ ಮುಖಕ್ಕೆ ಹೊಡೆಯಿತು. ಒತ್ತಡ ಬಿದ್ದದ್ದು ಆಗ, ದೀಪ ಕೆಂಪಾದದ್ದು ಆಗ. ಕೂಗು ಕೇಳಿ ಓಡಿದವರೆಲ್ಲರೂ ಕಂಡದ್ದು ಕೆಂಪು ದೀಪ. ನಾನೂ ಓಡಿದೆ. ನೀರಿನ ತೊಟ್ಟಿಯಲ್ಲಿ ಆಕೆಯ ತಲೆ ಅದ್ದಿ ಹಿಡಿದವರಲ್ಲಿ ನಾನೂ ಒಬ್ಬಳು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಹಗಲು ಯಾವುದು, ಇರುಳು ಯಾವುದು ಎಂಬಷ್ಟು ಉಳಿದಿದೆ.

ವಿಚಾರಣೆ ನಡೆಯಿತು. ರಾಚಪ್ಪ ಮೇಸ್ತ್ರಿ ತಾನು ಕಂಡಾಗ ದೀಪ ಕೆಂಪಿತ್ತು ಎಂದರು, ಅದು ನಿಜ. ಉಳಿದವರೂ ಅದನ್ನೇ ಹೇಳಿದರು, ಅದೂ ನಿಜ. ಆಸ್ಪತ್ರೆಯ ಮಂಚದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಫಕೀರವ್ವ ಒಬ್ಬಳೇ ಬೇರೆ ಹೇಳಿದಳು. "ಹಸಿರ ಇತ್ತರಿ. ನಾ ನೋಡೀನಿ." ಇದನ್ನು ತೀರ್ಮಾನ ಮಾಡುವ ಸಾಕ್ಷಿ ಒಂದೇ ಇತ್ತು. ಪ್ರತಿ ದೀಪದ ಒಳಗೆ ನೆನಪುಪಟ್ಟಿ ಎಂಬ ಎಳೆ ಇರುತ್ತದೆ, ದೀಪಕ್ಕೆ ಆದದ್ದನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದಲು ಬರುವವಳು ಇಲ್ಲಿ ನಾನೊಬ್ಬಳೇ. ಬಾಗಿಲು ಹಾಕಿಕೊಂಡು ಓದಿದೆ. ಗಾಜಿಗೆ ಬಟ್ಟೆ ತಾಗಿದಾಗ ಹಸಿರು. ಹನ್ನೊಂದು ಎಣಿಸುವಷ್ಟು ಹೊತ್ತಾದ ಮೇಲೆ ಕೆಂಪು. ನಾನು ಹೊರಗೆ ಬಂದು, ಕ್ಷಾರ ಬಿದ್ದು ನೆನಪುಪಟ್ಟಿ ಕೆಟ್ಟಿದೆ, ಏನೂ ಓದಲಾಗದು ಎಂದು ಹೇಳಿದೆ. ಎಲ್ಲರ ಮುಖ ನೋಡಿ ಹೇಳಿದೆ. ನನ್ನ ಧ್ವನಿ ಸ್ವಲ್ಪವೂ ನಡುಗಲಿಲ್ಲ. ನಡುಗಿದ್ದರೆ ಯಾರಾದರೂ ಇನ್ನೊಮ್ಮೆ ಕೇಳುತ್ತಿದ್ದರೇನೋ.

ಇಷ್ಟಕ್ಕೂ ನಿಲ್ಲಲಿಲ್ಲ. ನಮ್ಮ ಕೆಲಸದ ಜಾಗಗಳಲ್ಲಿ ತಪ್ಪಿನ ಗೋಡೆ ಎಂದು ಒಂದಿರುತ್ತದೆ. ಅಲ್ಲಿ ನಡೆದ ಪ್ರತಿ ಅಪಘಾತವನ್ನು ತಪ್ಪು ಮಾಡಿದವರ ಹೆಸರು, ಆದ ತಪ್ಪು, ಹೀಗೆ ಒಂದೊಂದೇ ಸಾಲಿನಲ್ಲಿ ಬರೆದಿರುತ್ತಾರೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಕೂಡುವ ಮೊದಲು ಎಲ್ಲರೂ ಸಾಲಾಗಿ ನಿಂತು ಅದನ್ನು ಗಟ್ಟಿಯಾಗಿ ಓದುತ್ತಾರೆ. ಬರೆಯುವ ಕೆಲಸ ಎಚ್ಚರಗಾತಿಯದು. ನನ್ನ ಅಕ್ಷರ ದುಂಡಗಿದೆ, ದೂರಕ್ಕೆ ಕಾಣುತ್ತದೆ. ಬಣ್ಣ ಕಲಸಿ, ಏಣಿ ಹತ್ತಿ, ಬರೆದೆ: ಫಕೀರವ್ವ. ಕೆಂಪು ಕಂಡೂ ಕವಚ ಎತ್ತಿದಳು.

ಆರು ತಿಂಗಳಿಗೆ ಆಕೆ ಕೆಲಸಕ್ಕೆ ಮರಳಿದಳು. ಕೂತು ಮಾಡುವ ಕೆಲಸ ಕೊಟ್ಟರು. ಹಳೆಯ ಹಲಗೆಗಳಿಂದ ಕಿತ್ತ ತಿರುಪುಗಳನ್ನು ಬೆರಳಿನಿಂದ ಮುಟ್ಟಿ, ದಪ್ಪದ್ದು ಒಂದು ಕಡೆ ಸಣ್ಣದ್ದು ಒಂದು ಕಡೆ ಬೇರೆ ಮಾಡುವುದು. ಆ ಕಟ್ಟೆ ತಪ್ಪಿನ ಗೋಡೆಯ ಮಗ್ಗುಲಿಗೇ ಇದೆ. ದಿನಾ ಬೆಳಿಗ್ಗೆ ನಲವತ್ತು ಜನ ಒಂದೇ ದನಿಯಲ್ಲಿ ಆಕೆಯ ಹೆಸರು ಹೇಳಿ ಆಕೆಯ ತಪ್ಪು ಓದುತ್ತಿದ್ದರು. ಆಕೆ ತಿರುಪು ಆರಿಸುತ್ತ ಕೇಳುತ್ತಿದ್ದಳು. ಮೊದಮೊದಲು ಆ ಸಾಲು ಬಂದಾಗ ಆಕೆ ತಲೆಯೆತ್ತುತ್ತಿದ್ದಳು, ಹಸಿರಿತ್ತು ಎಂದು ಬಾಯಲ್ಲೇ ಏನೋ ಅನ್ನುತ್ತಿದ್ದಳು. ಹೆಂಗಸರು ಕೆಲವರು ಆ ಸಾಲಿಗೆ ದನಿ ತಗ್ಗಿಸುತ್ತಿದ್ದರು. ನಾನು ಆ ಹೊತ್ತಿಗೆ ಬಣ್ಣದ ಕೋಣೆಯಲ್ಲಿ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಕೋಣೆಯ ಗೋಡೆ ತೆಳುವು, ಎಲ್ಲ ಕೇಳುತ್ತಿತ್ತು.

ಹೋದ ಶುಕ್ರವಾರ ಬೆಳಗಿನ ಓದು ಮುಗಿದ ಮೇಲೆ ಫಕೀರವ್ವ ಗೋಡೆ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಯಾರನ್ನೂ ಜೊತೆಗೆ ಕರೆತಂದಿರಲಿಲ್ಲ. ಜಗಳಕ್ಕೆ ಬಂದಳೆಂದು ನಾನು ಎದ್ದು ನಿಂತೆ. ಜಗಳವಾಡಿದ್ದರೆ ನಾನು ಇವತ್ತಿಗೂ ಸುಳ್ಳನ್ನೇ ಹಿಡಿದು ನಿಂತಿರುತ್ತಿದ್ದೆನೋ ಏನೋ, ನನ್ನ ಬಗ್ಗೆ ನನಗೆ ಈಗ ಅಷ್ಟು ಗೊತ್ತು. ಆಕೆ ಬಣ್ಣದ ಡಬ್ಬಿಯ ಮೇಲೆ ಕೂತು, ಸಂಕೋಚದಿಂದ, ತನ್ನದೇ ಏನೋ ತಪ್ಪು ಒಪ್ಪಿಕೊಳ್ಳುವವಳಂತೆ ಕೇಳಿದಳು.

"ಅಕ್ಕಾರ, ದಿನಾ ಕೇಳಿ ಕೇಳಿ ಈಗ ನನಗೂ ಕೆಂಪ ಇತ್ತೇನೋ ಅನಸಾಕ ಹತ್ತೈತಿ. ನೀವು ಓದಿದವ್ರು. ಏನಿತ್ತು ಹೇಳ್ರಿ."

ತಾಯಿ, ಆಕೆಯ ಕಣ್ಣು ಹೋದದ್ದಕ್ಕೆ ನನ್ನಲ್ಲಿ ನೆವಗಳಿದ್ದವು. ಕೀಲು ಹಳತಾಗಿತ್ತು, ಲೋಹ ದಣಿದಿತ್ತು, ಹೇಗಾದರೂ ಆಗುತ್ತಿತ್ತು, ಹೀಗೆ ಹನ್ನೊಂದು ತಿಂಗಳು ದಿನಕ್ಕೊಂದು ನೆವ ಹುಡುಕಿದ್ದೆ. ಇದಕ್ಕೆ ನೆವ ಸಿಗಲಿಲ್ಲ. ಕಣ್ಣು ಹೋಗುವ ಮೊದಲು ಆಕೆ ಕೊನೆಯದಾಗಿ ಕಂಡದ್ದು ಆ ಹಸಿರು. ಅದೊಂದು ಆಕೆಯ ಬಳಿ ಉಳಿದಿತ್ತು. ನನ್ನ ಕೈಬರಹ ಅದನ್ನೂ ದಿನಕ್ಕಿಷ್ಟಿಷ್ಟು ಒರೆಸುತ್ತ ಬಂದಿತ್ತು. ಹಸಿರಿತ್ತು ಎಂದೆ. ನೆನಪುಪಟ್ಟಿಯಲ್ಲಿ ನಾನೇ ಓದಿದ್ದೇನೆ, ನಾನು ಸುಳ್ಳು ಹೇಳಿದೆ ಎಂದೆ. ಅರಿಶಿನ ಕೆಂಪಾಗುವುದು ಯಾಕೆಂಬುದನ್ನೂ, ಅದು ತೊಳೆಸುವ ಮೊದಲೇ ನನಗೆ ತಿಳಿದಿತ್ತು ಎಂಬುದನ್ನೂ ಹೇಳಿದೆ. ಒಂದು ಸಾರಿ ಹೇಳಲು ಹೊರಟ ಮೇಲೆ ಎಲ್ಲವೂ ಬಂತು.

ಆಕೆ ಬಯ್ಯಲಿಲ್ಲ, ಅಳಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ನನಗಲ್ಲ, ತನಗೇ ಹೇಳಿಕೊಂಡಳು. "ಹಂಗಾದ್ರ ಅವತ್ತು ನನ್ನ ಕಣ್ಣು ಚಲೋನ ಇದ್ದವು."

ಆಮೇಲೆ ಎದ್ದು, ಬಾಗಿಲಿನ ಚೌಕಟ್ಟು ಮುಟ್ಟಿ ನೋಡಿಕೊಂಡು ಹೊರಟುಹೋದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ.

ಅದೇ ಹೊತ್ತಿಗೆ ರಾಚಪ್ಪ ಮೇಸ್ತ್ರಿಯವರಲ್ಲಿಗೆ ಹೋಗಿ ಎಲ್ಲ ಹೇಳಿ, ನೆನಪುಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಓಲೆ ಬರೆಯಿರಿ ಎಂದಷ್ಟೇ ಅಂದರು. ಅಲ್ಲಿಂದ ಅವರು ನನ್ನ ಜೊತೆ ಚಹಾಕ್ಕೆ ಕೂತಿಲ್ಲ. ಸುಳ್ಳು ಹೇಳಿದ ಎಚ್ಚರಗಾತಿ ಮತ್ತೆ ಕುಂಚ ಹಿಡಿಯುವಂತಿಲ್ಲ. ನನಗೆ ಉಳಿದಿದ್ದ ಕೆಲಸ ಗೋಡೆಯ ಮೇಲೆ ಒಂದು ಸಾಲು ಕೆರೆದು ಇನ್ನೊಂದು ಬರೆಯುವುದು, ಅಷ್ಟೇ. ಹೆಂಗಸರು ಸೋಮವಾರದಿಂದ ಮತ್ತೆ ಅರಿಶಿನ ಅರೆಯುತ್ತಿದ್ದಾರೆ. ಯಾರೂ ನನ್ನ ಅಪ್ಪಣೆ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಈ ಬಾರಿ ಅವರಿಗೆ ಕಾರಣವೂ ಗೊತ್ತು. ಪೈಪಿಗೆ ಸಿಟ್ಟು ಬಂತು ಎಂದೇ ಅವರು ಈಗಲೂ ಹೇಳುತ್ತಾರೆ, ಆ ಮಾತೂ ಇರಲಿ.

ಹಿಂದೋಲೆಯ ಕೊನೆಯಲ್ಲಿ ಹಿಂದಿನವರಲ್ಲಿ ಏನಾದರೂ ಒಂದನ್ನು ಬೇಡಿಕೊಳ್ಳಬಹುದು. ಮೊದಲು ನಾನು ಬರೆದದ್ದು ಹೀಗಿತ್ತು: ನೀವು ಅರಿಶಿನ ಹಚ್ಚಲು ಕಲಿಸುವಾಗ ಅದು ಯಾಕೆ ಕೆಂಪಾಗುತ್ತದೆ ಎಂಬುದನ್ನೂ ಕಲಿಸಿ, ಇಲ್ಲದಿದ್ದರೆ ಮುಂದೆ ಅನಾಹುತ ಆಗುತ್ತದೆ. ಬರೆದು ಓದಿಕೊಂಡಾಗ ಕೆನ್ನೆ ಬಿಸಿಯಾಯಿತು. ನೋಡಿ, ಇಲ್ಲಿಯೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಲು ಹೊರಟಿದ್ದೆ. ಆ ಹಾಳೆ ಹರಿದೆ. ನಿಮ್ಮದು ಏನೂ ತಪ್ಪಿಲ್ಲ. ನೀವು ಕಂಡದ್ದನ್ನು ಕಂಡಂತೆ ಹೇಳಿದಿರಿ, ಫಕೀರವ್ವನೂ ಹಾಗೇ ಹೇಳಿದಳು. ಕೇಳಿಸಿಕೊಳ್ಳಬೇಕಾದವಳು ನಕ್ಕಳು.

ಆದ್ದರಿಂದ ಬೇಡಿಕೊಳ್ಳುವುದು ಇಷ್ಟು. ನನ್ನಂಥವಳು ನಿಮ್ಮ ಕಾಲದಲ್ಲೂ ನಿಮ್ಮ ಕಾರ್ಖಾನೆಗೆ ಬರುತ್ತಾಳೆ. ಕೈಯಲ್ಲಿ ಫೈಲಿರುತ್ತದೆ, ಇಸ್ತ್ರಿ ಮಾಡಿದ ಸೀರೆ ಉಟ್ಟಿರುತ್ತಾಳೆ, ನಿಮ್ಮ ಹೆಸರು ಕೇಳುವ ಮೊದಲೇ ಇದೇನು ಕೊಳಕು ಎಂದು ಕೇಳುತ್ತಾಳೆ. ಬಟ್ಟಲನ್ನು ಸೆರಗಿನ ಮರೆಗೆ ಮಾಡಬೇಡಿ. ಅವಳು ನಕ್ಕರೆ ಜೊತೆಗೆ ನಗಬೇಡಿ. ಒಂದು ಕೀಲು ಕೆಂಪಾದ ದಿನ ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ದೂರ ನಿಲ್ಲಿಸಿ ತೋರಿಸಿ. ಒದರಾಡಿದರೆ ಒದರಾಡಲಿ.

ನಾಳೆ ಬೆಳಿಗ್ಗೆ ಗೋಡೆಯ ಮುಂದೆ ಈ ಓಲೆ ಓದಬೇಕು. ಆಮೇಲೆ ಹೊಸ ಸಾಲು. ಫಕೀರವ್ವನ ಸಾಲು ಕೆರೆದು ಸಂಜೆಯೇ ಅದನ್ನು ಬರೆದು ಮುಗಿಸಿದ್ದೇನೆ, ಬಣ್ಣ ಇನ್ನೂ ಹಸಿಯಿದೆ: ಇಂದುಮತಿ. ಹಸಿರೆಂದು ತಿಳಿದೂ ಕೆಂಪೆಂದಳು. ಹೊಸ ಸಾಲನ್ನು ಮೊದಲ ದಿನ ಹೆಸರಿನವರೇ ಓದಬೇಕು ಎಂಬ ನಿಯಮವಿದೆ. ಫಕೀರವ್ವ ಎಲ್ಲರಿಗಿಂತ ಮುಂದೆ ತನಗೊಂದು ಮಣೆ ಹಾಕಿಸಿಕೊಂಡಿದ್ದಾಳೆ. ಗಟ್ಟಿಯಾಗಿ ಓದಬೇಕೆಂದು ಹೇಳಿ ಕಳಿಸಿದ್ದಾಳೆ, ತನಗೆ ನನ್ನ ಮುಖ ಕಾಣುವುದಿಲ್ಲವಂತೆ. ನನಗೆ ಆಕೆಯ ಮುಖ ಕಾಣುತ್ತದೆ.